ಒಂದು ಮೊಳೆಗೆ ಊರಿನ ಪಾದಗಳು

ಆಗುವುದಿಲ್ಲ ಎಂದವಳು ನಮ್ಮ ಅತ್ತೆ. ಅಪ್ಪನ ಅಕ್ಕ. ಊರಿನ ಬೇರೆ ಯಾರಾದರೂ ಅಂದಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಅಂದವರೂ ಬೇಕಾದಷ್ಟು ಜನ ಇದ್ದರು, ಬಿಟ್ಟೂ ಬಿಟ್ಟೆ. ಆದರೆ ಸಂಶಿಯ ಸುತ್ತಲಿನ ಹಳ್ಳಿಗಳಲ್ಲಿ ಅತ್ತೆಯಷ್ಟು ತೊಗಲನ್ನು ಬಲ್ಲವರು ಇರಲಿಲ್ಲ. ಒಂದು ತುಂಡನ್ನು ಬೆರಳಿನಿಂದ ಮಡಚಿ, ಕಿವಿಯ ಹತ್ತಿರ ಹಿಡಿದು, ಅವಳು "ಇದು ಬಾಳೂದಿಲ್ಲ" ಅಂದರೆ ಅದು ಬಾಳುತ್ತಿರಲಿಲ್ಲ. ಆ ದಿನ ನನ್ನನ್ನೂ ಹಾಗೇ ಮಡಚಿ ನೋಡಿದಳು ಅನ್ನಿಸಿತ್ತು.

ನಾನು ಪಿಯುಸಿ ಪಾಸಾದ ವಾರ ಅದು. ನಮ್ಮ ಮನೆಯಲ್ಲಿ ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಅವ್ವ ಶಾಲೆಯ ಒಳಗೆ ಕಾಲಿಟ್ಟವಳೇ ಅಲ್ಲ. ಬಿ.ಕಾಂ.ಗೆ ಹೆಸರು ಹಚ್ಚುತ್ತೇನೆ, ಜೊತೆಗೆ ಚಪ್ಪಲಿ ಮಾಡುವುದನ್ನೂ ನಿನ್ನ ಹತ್ತಿರ ಕಲಿಯುತ್ತೇನೆ ಎಂದು ನಾನು ಅವಳು ಕೆಲಸಕ್ಕೆ ಕೂಡುವ ಮನೆಯ ಮುಂದಿನ ಕಟ್ಟೆಯ ಮೇಲೆ, ಅತ್ತೆಯ ಎದುರು ಕುಳಿತು ಹೇಳಿದೆ. ಅವಳು ಬಾರು ಹೆಣೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಕಾಲೇಜ್ ಕಲಿ, ನಾ ಬ್ಯಾಡ ಅನ್ನೂದಿಲ್ಲ. ಆರಿ ಹಿಡಿ, ಅದಕ್ಕೂ ಬ್ಯಾಡ ಅನ್ನೂದಿಲ್ಲ. ಎರಡೂ ಮಾಡ್ತೀನಿ ಅಂತೀ ನೋಡು, ಅದು ಆಗೂದಿಲ್ಲ."

"ಯಾಕ ಆಗೂದಿಲ್ಲ ಅತ್ತಿ?"

"ಪೆನ್ನು ಹಿಡದ ಕೈ ತೊಗಲಿನ ವಾಸನಿ ತಡಿಯೂದಿಲ್ಲ. ನಿಮ್ಮ ಕಾಕಾನ ಮಗ ಹತ್ತನೇದು ಪಾಸಾದ ಮ್ಯಾಲ ಈ ಕಟ್ಟಿಗೆ ಕುಂತಿದ್ದು ನೋಡೀಯೇನು? ದಾಟಿ ಹೋಗೂವಾಗ ಸೈತ ಮೂಗು ಮುಚ್ಕೋತಾನ. ಅದೂ ಅವರಪ್ಪ ಮಾಡಿಕೊಟ್ಟ ಚಪ್ಪಲ್ ಮೆಟ್ಟಿಕೊಂಡs."

"ನಾ ಅವನಂಗಲ್ಲ."

"ಅವನೂ ಹಂಗs ಅಂದಿದ್ದ."

ಅವಳ ಕೈಯಲ್ಲಿದ್ದ ಆರಿ, ತೊಗಲಿಗೆ ತೂತು ಹಾಕುವ ಆ ಸಣ್ಣ ಮೊನೆ, ಮಾತಿನ ನಡುವೆ ಒಂದು ಸಲವೂ ನಿಲ್ಲಲಿಲ್ಲ. ನನ್ನ ಕಣ್ಣು ಮಾತ್ರ ಅವಳ ತಲೆಯ ಮೇಲಿನ ಮೊಳೆಯ ಕಡೆ ಇತ್ತು. ಅಲ್ಲಿ ತೂಗುತ್ತಿತ್ತು ಆ ಗೊಂಚಲು.

ಗೊಂಚಲು ಅಂದರೆ ಅಳತೆಪಟ್ಟಿಗಳದು. ಆಡಿನ ತೊಗಲಿನ, ಬೆರಳಗಲದ ಪಟ್ಟಿ, ಒಬ್ಬರಿಗೆ ಒಂದು. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಒಂದು ಕಚ್ಚು, ಬೆರಳುಗಳ ಬುಡದ ಅಗಲಕ್ಕೆ ಒಂದು, ಪಾದದ ಬೆನ್ನಿನ ಸುತ್ತಳತೆಗೆ ಇನ್ನೊಂದು. ಪಟ್ಟಿಯ ಒಂದು ಅಂಚಿನ ಕಚ್ಚುಗಳು ಬಲಗಾಲಿನವು, ಇನ್ನೊಂದು ಅಂಚಿನವು ಎಡಗಾಲಿನವು. ಎರಡೂ ಕಾಲು ಒಂದೇ ಸಮ ಇರುವ ಮನುಷ್ಯನನ್ನು ಅತ್ತೆ ತನ್ನ ಆಯುಷ್ಯದಲ್ಲಿ ನೋಡಿಲ್ಲವಂತೆ. ಒಂದು ಮನೆಯವರ ಪಟ್ಟಿಗಳೆಲ್ಲ ಒಂದು ಗಂಟಿನಲ್ಲಿ. ಅವಳಿಗೆ ಓದು ಬಾರದು, ಆದ್ದರಿಂದ ಹೆಸರಿಲ್ಲ, ಗುರುತು ಮಾತ್ರ: ಗೌಡರ ಮನೆಯದಕ್ಕೆ ಎರಡು ತೂತು, ಕಿರಾಣಿ ಅಂಗಡಿಯವರದಕ್ಕೆ ಒಂದು ಅಡ್ಡಗೀರು, ಮಾಸ್ತರರ ಮನೆಯದಕ್ಕೆ ಕೆಂಪು ದಾರ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದ ಪಟ್ಟಿಯನ್ನೇ ಹಿಡಿದು ತೆಗೆಯುತ್ತಿದ್ದಳು.

ಏಳನೆಯ ಇಯತ್ತೆಯಲ್ಲಿದ್ದಾಗ ನಾನು ಜಾಣತನ ಮಾಡಿ, ಅವಳು ಸಂತೆಗೆ ಹೋದ ದಿನ, ಎಲ್ಲ ಪಟ್ಟಿಗಳ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆದುಬಿಟ್ಟೆ. ಅವಳು ಬಯ್ಯಲಿಲ್ಲ. ತಿಂಗಳಿಗೊಮ್ಮೆ ಹಚ್ಚುವಂತೆ ಪಟ್ಟಿಗಳಿಗೆ ಎಣ್ಣೆ ಹಚ್ಚಿದಳು. ಮರುದಿನ ನೋಡಿದರೆ ಊರಿನ ಹೆಸರುಗಳೆಲ್ಲ ಒಂದೇ ನೀಲಿ ಕಲೆ. "ನೋಡು," ಅಂದಳು, "ನಿನ್ನ ಅಕ್ಷರ ಎಣ್ಣಿ ಕುಡದು ಸತ್ತುವು. ನನ್ನ ತೂತು ಅದಾವ ನೋಡು ಹಂಗs."

ಆ ಗೊಂಚಲು ಯಾರ ಕೈಯಲ್ಲಿದೆಯೋ ಅವರದೇ ಕಸುಬು. ಊರು ಬಿಟ್ಟು ಹುಬ್ಬಳ್ಳಿಯಲ್ಲಿ ಮನೆ ಮಾಡಿದವರೂ ಫೋನ್ ಮಾಡುತ್ತಿದ್ದರು.

"ಯಕ್ಕಾ, ನನ್ನ ಪಟ್ಟಿ ಇನ್ನೂ ಐತಿಲ್ಲ?"

"ಎಲ್ಲಿ ಹೊಕ್ಕೈತೋ ಮಾರಾಯಾ? ನೀ ಅಲ್ಲಿದ್ರೂ ನಿನ್ನ ಕಾಲು ಇಲ್ಲೇ ತೂಗ್ಯಾಡಾಕತ್ತಾವು."

ಎಂಟು ದಿನಕ್ಕೆ ಜೋಡು ತಯಾರಾಗಿ, ಹಾಳೆಯಲ್ಲಿ ಸುತ್ತಿಸಿಕೊಂಡು, ಬಸ್ಸಿನ ಕಂಡಕ್ಟರರ ಕೈಯಲ್ಲಿ ಹುಬ್ಬಳ್ಳಿಗೆ ಹೋಗುತ್ತಿತ್ತು. ಅಲ್ಲಿ ಗಾಜಿನ ಅಂಗಡಿಗಳಲ್ಲಿ ಸಾಲಾಗಿ ಚಪ್ಪಲಿ ಇರುವಾಗ ಇಲ್ಲಿಂದ ಯಾಕೆ? ಹಾಕಿ ನೋಡಿದವರಿಗೆ ಗೊತ್ತು. ಮೊದಲ ವಾರ ನಮ್ಮ ಚಪ್ಪಲಿ ಬಿಗಿಯಾಗಿ, ಮಾತು ಕೇಳದ ಎಳೆ ಹೋರಿಯಂತೆ ಇರುತ್ತದೆ. ಎಣ್ಣೆ ಕುಡಿಸಿದಂತೆ ಪಳಗುತ್ತದೆ. ತಿಂಗಳು ಕಳೆದರೆ ಅಟ್ಟೆಯ ಮೇಲೆ ನಿಮ್ಮ ಐದು ಬೆರಳಿನ ಅಚ್ಚು ಮೂಡಿ, ಅದು ಇನ್ನೊಬ್ಬರ ಕಾಲಿಗೆ ಬರುವುದೇ ಇಲ್ಲ. ಬೇಸಿಗೆಯಲ್ಲಿ ನಮ್ಮ ಎರೆ ಭೂಮಿ ಬಾಯಿ ಬಿಟ್ಟು ಸುಡುವಾಗ ಒಳಗೆ ತಂಪು, ಜಾಲಿಮುಳ್ಳು ಅಟ್ಟೆಯ ಅರ್ಧಕ್ಕೇ ಸೋತು ನಿಲ್ಲುತ್ತದೆ. ಮಳೆಗಾಲದಲ್ಲಿ ಒರೆಸಿ, ಎಣ್ಣೆ ಹಚ್ಚಿ, ಜಂತಿಗೆ ಸಿಕ್ಕಿಸಿ ಇಡುತ್ತಾರೆ. ಮಳೆ ನಿಂತ ಮೇಲೆ ಇಳಿಸಿ ಹಾಕಿಕೊಂಡು ಕರ್ ಕರ್ ಅಂತ ಸಪ್ಪಳ ಮಾಡುತ್ತ ಹೊಲಕ್ಕೆ ಹೊರಟರೆ, ಯಾರು ಬಂದರು ಅಂತ ಮನೆಯೊಳಗೆ ಕುಳಿತೇ ಹೇಳಬಹುದು.

"ಇದು ನನ್ನ ಸಂಗಾಟ ಮುಗೀತೈತಿ," ಅಂತ ಅತ್ತೆ ಗೊಂಚಲನ್ನು ತೋರಿಸಿ ಆಗಾಗ ಅನ್ನುತ್ತಿದ್ದಳು. ಅಪ್ಪ ಎತ್ತಿನ ಕೊರಳಪಟ್ಟಿ, ಬಾರಕೋಲು ಮಾಡುವವನು. ಕಾಲಿನ ಅಳತೆ ಅವನಿಗೆ ಒಗ್ಗಿರಲಿಲ್ಲ. ಉಳಿದವಳು ನಾನೊಬ್ಬಳೇ. ನನಗೆ ಪದವಿಯೂ ಬೇಕಿತ್ತು, ಆ ಗೊಂಚಲೂ ಬೇಕಿತ್ತು. ಒಂದು ಸಿಕ್ಕು ಇನ್ನೊಂದು ತಪ್ಪಿದರೆ ಅತ್ತೆ ಹೇಳಿದ್ದೇ ನಿಜವಾಗುತ್ತಿತ್ತು.

ಬೆಳಗಿನ ಬಸ್ಸಿಗೆ ಕುಂದಗೋಳದ ಕಾಲೇಜು, ಮಧ್ಯಾಹ್ನ ಬಂದು ಉಂಡು ಕಟ್ಟೆ. ಅತ್ತೆ ಕಲಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ರಂಪಿಗೆಯಿಂದ ತೊಗಲು ಕತ್ತರಿಸುವುದು, ಮೊಳೆ ಇಲ್ಲದೆ ತೊಗಲಿನ ಎಳೆಯಿಂದಲೇ ಅಟ್ಟೆ ಹೊಲಿಯುವುದು, ಬಾರು ಹೆಣೆಯುವುದು, ಒಂದೊಂದಾಗಿ ಬಿಟ್ಟುಕೊಟ್ಟಳು. ಅಳತೆ ಮಾತ್ರ ಕೊಡಲಿಲ್ಲ. "ಅಳತಿ ತಗೊಂಡಾಕಿದು ಜವಾಬ್ದಾರಿ," ಅಂತಿದ್ದಳು, "ಕಾಲು ಕಚ್ಚಿದ್ರ ಮಂದಿ ಹೊಲದಾಕೀನ ಬೈಯೂದಿಲ್ಲ, ಅಳದಾಕೀನ ಬೈತಾರ."

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಒಬ್ಬಳು ನನ್ನ ಕೈಯ ವಾಸನೆಗೆ ಮೂಗು ಮುರಿದು ಹಿಂದಿನ ಸೀಟಿಗೆ ಹೋದಳು. ಆರು ತಿಂಗಳಿಗೆ ಅವಳೇ ಮುಂದೆ ಬಂದು, "ನಮ್ಮಪ್ಪಗ ಒಂದು ಜೋಡು ಬೇಕಾಗಿತ್ತಲೇ," ಅಂದಳು. ನಾನು ಸರಿದು ಜಾಗ ಕೊಟ್ಟೆ. ಜಗಳ ಆಡಬಹುದಿತ್ತು, ಆದರೆ ಖುಷಿಯೇ ಜಾಸ್ತಿ ಆಗಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬಂತು. ಊರಿನ ಒಂದು ವ್ಯಾಪಾರದ ಬಗ್ಗೆ ಬರೆಯಬೇಕು. ಎಲ್ಲರೂ ಮೆಣಸಿನಕಾಯಿ, ಹತ್ತಿ, ಹಾಲಿನ ಡೇರಿ ಅಂತ ಹಿಡಿದರು. ನಾನು ಅತ್ತೆಯ ಗೊಂಚಲು ಹಿಡಿದೆ. ಅಂಗಡಿಯ ಚಪ್ಪಲಿಗೆ ನಂಬರು, ನಮ್ಮದಕ್ಕೆ ಪಟ್ಟಿ. ನಂಬರು ಕಾಲಿನ ಹತ್ತಿರ ಬರುತ್ತದೆ, ಪಟ್ಟಿ ಕಾಲೇ ಆಗಿರುತ್ತದೆ, ಅದಕ್ಕೇ ಹುಬ್ಬಳ್ಳಿಯವರು ಇವತ್ತಿಗೂ ಫೋನ್ ಮಾಡುತ್ತಾರೆ ಎಂದು ಬರೆದು ನಮ್ಮ ಸರ್ ಮುಂದೆ ಇಟ್ಟೆ. ಧಾರವಾಡದಿಂದ ಬಸ್ಸಿಗೆ ಬಂದು ಹೋಗುವ, ಮಾತು ಕಡಿಮೆ ಇರುವ ಮನುಷ್ಯ ಅವರು. ಓದಿ ಕನ್ನಡಕ ತೆಗೆದರು.

"ಇದು ಕವಿತಾ ಆತವಾ, ಪ್ರಾಜೆಕ್ಟ್ ಆಗಲಿಲ್ಲ. ಆಧಾರ ಎಲ್ಲದ?"

"ಅಳತಿ ತಗೊಂಡ್ರ ಯಾರ ಕಾಲಿಗರ ಕೂಡತೈತ್ರಿ ಸರ್. ಒಂದ ಸಲಕ್ಕ."

"ಯಾರ ಕಾಲಿಗರ?" ಎಂದವರು ಮೇಜಿನ ಕೆಳಗಿನಿಂದ ಬಲಗಾಲು ಹೊರಗೆ ಚಾಚಿದರು. ಹೆಬ್ಬೆರಳಿನ ಬುಡದಲ್ಲಿ ನಿಂಬೆಕಾಯಿಯಷ್ಟು ಗಂಟು. "ಹದಿನೈದು ವರ್ಷ ಆತು, ಈ ಕಾಲಿಗೆ ಒಂದು ಚಪ್ಪಲ್ ಸರಿ ಕೂತಿಲ್ಲ. ನೀ ಕೂಡಿಸಿ ತೋರಸು, ಸಹಿ ಹಾಕ್ತೀನಿ."

ಮನೆಗೆ ಓಡಿಬಂದು ಹೇಳಿದೆ. ಅತ್ತೆ ಕೈ ಕೊಡವಿದಳು. "ನಿನ್ನ ಪರೀಕ್ಷಾ, ನೀನs ಬರಿ. ನಾ ಬರೂದಿಲ್ಲ." ನನಗೆ ಬೇಕಾದದ್ದೂ ಅದೇ! ಅಳತೆ ನನ್ನದೇ, ಹೊಲಿಗೆ ನನ್ನದೇ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಮೊದಲ ಪೀರಿಯಡ್‌ಗೆ ಮುಂಚೆ, ಸ್ಟಾಫ್ ರೂಮಿನಲ್ಲಿ ಸರ್ ಅವರನ್ನು ಕುರ್ಚಿಯಲ್ಲಿ ಕೂಡಿಸಿ ಪಟ್ಟಿ ಹಿಡಿದೆ. ನನ್ನ ಆಯುಷ್ಯದ ಮೊದಲ ಪಟ್ಟಿ. ಗಂಟಿಗೆಂದು ಒಂದು ಹೆಚ್ಚಿನ ಕಚ್ಚು ಹಾಕಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಯೋಚಿಸಿದ್ದು.

ಎಂಟು ದಿನ ಕಟ್ಟೆ ಬಿಟ್ಟು ಏಳಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಸರ್ ಜೋಡು ಹಾಕಿಕೊಂಡು ಕಾಲೇಜಿನ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದರು. ಕರ್ ಕರ್ ಕರ್! ಗಂಟು ಬಾರಿನ ಕೆಳಗೆ ಗೂಡಿನಲ್ಲಿ ಮೊಟ್ಟೆ ಕುಳಿತಂತೆ ಕುಳಿತಿತ್ತು. ನಮ್ಮ ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಆ ದಿನದ ಬಸ್ಸಿನಲ್ಲಿ ನಾನು ಸೀಟಿನ ಮೇಲೆ ಕುಳಿತೇ ಇರಲಿಲ್ಲವೇನೋ, ಗಾಳಿಯಲ್ಲಿ ಬಂದೆ. ಮನೆಯಲ್ಲಿ ಮೂರು ಸಲ ಹೇಳಿದೆ. ಅತ್ತೆ ಒಂದೇ ಕೇಳಿದಳು.

"ಮುಂಜಾನಿ ಹಾಕ್ಕೊಂಡ್ರು. ಸಂಜಿಗೆ ಏನಂದ್ರು?"

"ಸಂಜಿಗೆ ನಾ ಊರಾಗಿದ್ದೆ."

ಅವಳು ಬಾರು ಹೆಣೆಯುತ್ತ ಹೋದಳು.

ಮರುದಿನ ಸರ್ ಹಳೆಯ ಚಪ್ಪಲಿಯಲ್ಲಿ ಕುಂಟುತ್ತ ಬಂದರು. ನಮ್ಮ ಜೋಡು ಹಾಳೆಯಲ್ಲಿ ಸುತ್ತಿ ಬಗಲಲ್ಲಿತ್ತು. ಕಾಲಿನ ಮೇಲೆ ಬಾರಿನ ಗುರುತು ಕೆಂಪಗೆ ಎದ್ದಿತ್ತು.

"ಊಟದ ಹೊತ್ತಿನತನಾ ಅರಸನಂಗ ಅಡ್ಡಾಡಿದೆ ನೋಡವಾ. ನಾಕು ಗಂಟಿಗೆ ಕಚ್ಚಲಿಕ್ಕೆ ಹತ್ತಿತು. ಬಸ್ ಸ್ಟ್ಯಾಂಡಿಗೆ ಕೈಯಾಗ ಹಿಡಕೊಂಡು ಹೋದೆ."

ನಾನು ಅವರ ಬಗಲಿನ ಜೋಡು ತೆಗೆದುಕೊಂಡು ಬಾರು ತಿರುವಿ ನೋಡತೊಡಗಿದೆ.

"ಬ್ಯಾಸರ ಮಾಡ್ಕೋಬ್ಯಾಡ. ಪಟ್ಟಿ ಅಳತಿ ಆಗಲಿಲ್ಲ ಅಂತ ಬರದು ತಾ, ಪಾಸ್ ಮಾಡ್ತೀನಿ. ಆಗದಿದ್ದನ್ನ ಆಗೇದ ಅಂತ ಬರದ್ರ ನಾ ಸಹಿ ಹಾಕಂಗಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಪದವಿ ಬೇಕಾದರೆ ಅತ್ತೆಯ ಅಳತೆ ಸುಳ್ಳು ಎಂದು ನನ್ನ ಕೈಯಾರೆ ಬರೆಯಬೇಕು. ಹಾಗೆ ಬರೆದ ಕೈಗೆ ಅವಳು ಗೊಂಚಲು ಕೊಡುತ್ತಾಳೆಯೇ? ನಾನಾದರೂ ಕೇಳಲಿ ಹೇಗೆ?

ಮನೆಗೆ ಬಂದು ಜೋಡನ್ನೂ ಪಟ್ಟಿಯನ್ನೂ ಅವಳ ಮುಂದೆ ಇಟ್ಟೆ. ಅವಳು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬಾರು ಎಳೆದಳು. ಪಟ್ಟಿಯನ್ನು ಅಟ್ಟೆಯ ಮೇಲೆ ಹಿಡಿದು ನೋಡಿದಳು.

"ಹೊಲಿಗಿ ಬರಾಬರಿ ಐತಿ. ಪಟ್ಟಿಗೂ ಚಪ್ಪಲ್‌ಗೂ ಅಗದಿ ಸಮ ಐತಿ. ಅಳತಿ ಯಾವಾಗ ತಗೊಂಡಿ?"

"ಹ್ವಾದ ಸೋಮವಾರದ ಹಿಂದಿನ ವಾರ..."

"ವಾರ ಕೇಳಲಿಲ್ಲ ಲೇ. ಹೊತ್ತು."

"ಮುಂಜಾನಿ ಹತ್ತಕ್ಕ."

ಅತ್ತೆ ಆರಿ ಕೆಳಗಿಟ್ಟಳು. ಅವಳು ಕೆಲಸದ ನಡುವೆ ಆರಿ ಕೆಳಗಿಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ. ಆಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ.

"ಏ ತಮ್ಮಾ, ಬಾರೋ ಇಲ್ಲೆ! ನಿನ್ನ ಮಗಳು ಮುಂಜಾನಿ ಹತ್ತ ಗಂಟೇಕ ಕಾಲು ಅಳದು ಬಂದಾಳ! ಅದೂ ಕುರ್ಚೇದಾಗ ಕೂಡಿಸಿ ಅಳದಿರಬೇಕು!"

ಅಪ್ಪನೂ ಹಿತ್ತಲಿಂದ ಬಂದು ನಕ್ಕ. "ಕಾಲೇಜಿನ ಟಾಯಮ್ಮಿಗೆ ಕಾಲು ಬರ್ತಾವೇನ ಬೇ?" ಎಂದ. ಒಳಗಿನಿಂದ ಅವ್ವನ ನಗೆ ಬೇರೆ. ನನಗೆ ಸಿಟ್ಟು ನೆತ್ತಿಗೇರಿತು.

"ನಗ್ರಿ, ನಗ್ರಿ! ಮುಂಜಾನಿ ತಗೋಬಾರದು ಅಂತ ನನಗ ಒಬ್ಬರರ ಹೇಳೀರೇನು?"

ನಗೆ ನಿಂತಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು, ಆಮೇಲೆ ಗೊಂಚಲನ್ನು ನೋಡಿದಳು.

"ಹೌದಲಾ," ಅಂದಳು ಮೆಲ್ಲಗೆ. "ನನಗೂ ಯಾರೂ ಹೇಳಿಲ್ಲ."

ವಿಷಯ ಇಷ್ಟೇ. ನಮ್ಮ ಕಟ್ಟೆಗೆ ಜನ ಬರುವುದು ಹೊಲದ ಕೆಲಸ ಮುಗಿಸಿಕೊಂಡು, ದನ ಮನೆಗೆ ತಿರುಗುವ ಹೊತ್ತಿಗೆ. ಇಡೀ ದಿನ ನಿಂತು ನಡೆದ ಕಾಲು ಆಗ ತುಂಬಿಕೊಂಡಿರುತ್ತದೆ. ಬಂದವರು ಕಟ್ಟೆಯ ಕೆಳಗೆ ನಿಂತೇ ಕಾಲು ಮುಂದೆ ಇಡುತ್ತಾರೆ. ನಮ್ಮ ಕಟ್ಟೆಯ ಮೇಲೆ ಕೂಡುವ ರೂಢಿ ಊರಿನಲ್ಲಿ ಇರಲಿಲ್ಲ, ಯಾಕೆ ಅಂತ ನಾನು ಬರೆಯಬೇಕಿಲ್ಲ. ನಿಂತ ಕಾಲು, ಸಂಜೆಯ ಕಾಲು. ಅತ್ತೆಗೆ ಸಿಕ್ಕಿದ್ದೆಲ್ಲ ಅಂಥವೇ. ಅದನ್ನು ಯಾರಾದರೂ ನಿಯಮ ಅಂತ ಯಾಕೆ ಹೇಳುತ್ತಾರೆ? ಹುಟ್ಟಿದಾಗಿನಿಂದ ಕಣ್ಣೆದುರಿಗೇ ನಡೆಯುತ್ತಿದ್ದದ್ದನ್ನು ನಾನೂ ಕಂಡಿರಲಿಲ್ಲ.

"ಮುಂಜಾನಿ ಕಾಲು ಇನ್ನೂ ಮಲಗಿರತಾವು," ಅತ್ತೆ ಅಂದಳು. ತಾನೇ ಹುಡುಕಿ ಹುಡುಕಿ ಹೇಳುತ್ತಿದ್ದಳು, ಮೊದಲ ಸಲ. "ಸಂಜಿಗೆ ಪೂರಾ ಎದ್ದಿರತಾವು. ಎದ್ದ ಕಾಲಿಗೆ ಅಳತಿ ಹಿಡೀಬೇಕು."

ನಾನು ಸಿಟ್ಟು ಮರೆತು ನೋಟ್‌ಬುಕ್ಕಿಗೆ ಓಡಿದೆ. "ತಡಿ ಅತ್ತಿ, ಇನ್ನೊಮ್ಮೆ ಹೇಳು, ಬರ್ಕೋತೀನಿ!" ಅವಳು ಇನ್ನೊಮ್ಮೆ ಹೇಳಿದಳು. ಆಮೇಲೆ ಕೇಳದೆಯೂ ಹೇಳುತ್ತ ಹೋದಳು: ಬಾಣಂತಿಯ ಕಾಲಿಗೆ ಎಷ್ಟು ಬಿಡಬೇಕು, ಗಾಡಿ ಹೊಡೆಯುವವನ ಬಲಗಾಲು ಯಾಕೆ ಅಗಲ, ಮುದುಕರ ಬಾರು ಎಲ್ಲಿ ಸಡಿಲು ಇರಬೇಕು. ಅರ್ಧ ನೋಟ್‌ಬುಕ್ಕು ತುಂಬಿತು. ಪೆನ್ನು ಹಿಡಿದ ನನ್ನ ಬೆರಳಿಗೆ ತೊಗಲಿನ ಎಣ್ಣೆ ಅಂಟಿ ಹಾಳೆಯ ಅಂಚೆಲ್ಲ ಕಲೆ. ಇಂಥ ಸಂಜೆ ನನಗೆ ಇನ್ನೊಂದು ಸಿಕ್ಕಿಲ್ಲ.

"ಆ ಸರ್‌ನ ಕರಕೊಂಡು ಬಾ," ಎಂದಳು ಕೊನೆಗೆ. "ಹೊತ್ತು ಇಳದ ಮ್ಯಾಲ."

ಸರ್ ಬಂದರು. ಕಾಲೇಜು ಮುಗಿಸಿ, ಸಂಶಿಯಲ್ಲಿ ಬಸ್ಸು ಬದಲಿಸಿ, ಕುಂಟುತ್ತ. ಬಂದವರೇ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು, ಅವ್ವ ಅಂಜಿ ಅಂಜಿ ತಂದ ಚಹಾ ಕುಡಿದು ಇನ್ನೊಂದು ಕಪ್ಪು ಕೇಳಿದರು. ಅವ್ವ ಆ ಎರಡನೆಯ ಕಪ್ಪಿನ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. ಅಳತೆ ಅತ್ತೆಯೇ ತೆಗೆದಳು.

"ಏಳ್ರಿ ಸಾಹೇಬ್ರ, ನಿಂದರ್ರಿ. ಭಾರ ಪೂರಾ ಬಿಡ್ರಿ ಕಾಲ ಮ್ಯಾಲ. ಅಂಜಬ್ಯಾಡ್ರಿ, ನೆಲ ಹೊತಕೊಂತೈತಿ."

ನನ್ನ ಬೆಳಗಿನ ಪಟ್ಟಿ, ಅವಳ ಸಂಜೆಯ ಪಟ್ಟಿ. ಎರಡನ್ನೂ ಪಕ್ಕಪಕ್ಕ ಹಿಡಿದಳು. ಬಾರು ಬೀಳುವ ಪಾದದ ಬೆನ್ನಿನ ಕಚ್ಚಿನಲ್ಲಿ ಒಂದು ಜೋಳದ ಕಾಳಿನಷ್ಟು ಅಂತರ. ನಾನು ಗಂಟಿಗೆಂದು ಹಾಕಿದ ಹೆಚ್ಚಿನ ಕಚ್ಚಿನ ಮೇಲೆ ಅವಳ ಉಗುರು ನಿಂತಿತು. "ಇದನ್ನ ಯಾರು ಹೇಳಿದ್ರು?" ಎಂದಳು. ಯಾರೂ ಇಲ್ಲ ಎಂದೆ. ತನ್ನ ಪಟ್ಟಿಗೂ ಅಂಥದೊಂದು ಕಚ್ಚು ಹಾಕಿದಳು.

ಸರ್ ಎರಡೂ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆಧಾರ ಎಲ್ಲದ ಅಂತ ಕೇಳಿದ್ನೆಲ್ಲಾ, ಇಲ್ಲೇ ಅದ ನೋಡವಾ. ಇವನ್ನs ಹಚ್ಚು ನಿನ್ನ ಪ್ರಾಜೆಕ್ಟಿಗೆ."

ಹಚ್ಚಿದೆ. ಮೊದಲ ಜೋಡು ಯಾಕೆ ಸೋತಿತು ಎಂಬುದನ್ನೇ ಒಂದು ಅಧ್ಯಾಯ ಮಾಡಿ ಬರೆದೆ. ಎರಡನೆಯ ಜೋಡನ್ನು ನಾನೇ ಹೊಲಿದೆ. ಮೌಖಿಕ ಪರೀಕ್ಷೆಯ ದಿನ ನನ್ನ ಸರದಿ ಬಂದಾಗ ಸಂಜೆ ನಾಲ್ಕಾಗಿತ್ತು. ಸರ್ ಬೆಳಿಗ್ಗೆಯಿಂದ ಆ ಜೋಡಿನಲ್ಲೇ ಇದ್ದರು. ಅವರು ಒಳಗೆ ಬರುತ್ತಲೇ ಹೊರಗಿನಿಂದ ಬಂದಿದ್ದ ಪರೀಕ್ಷಕರು ತಲೆ ಎತ್ತಿದರು.

"ಏನ್ರಿ ಇದು, ಕರ್ ಕರ್ ಸಪ್ಪಳ?"

"ಈ ಹುಡುಗಿ ಪ್ರಾಜೆಕ್ಟ್ ರೀ," ಅಂದರು ನಮ್ಮ ಸರ್. "ನಡಕೋತ ಬಂತು."

ಪರೀಕ್ಷಕರು ನಕ್ಕು, ಪುಟ ತಿರುವಿ, ಪಟ್ಟಿಗಳನ್ನು ಮುಟ್ಟಿ ನೋಡಿದರು. ಅರ್ಧ ಗಂಟೆ ಪ್ರಶ್ನೆ. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ, ಅವಳ ಮಾತಿನಲ್ಲೇ. ಕೊನೆಗೆ ಅವರು ತಮ್ಮ ಬೂಟಿನ ದಾರ ಸಡಿಲಿಸುತ್ತ, ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಸರ್ ಅಲ್ಲೇ ಸಹಿ ಹಾಕಿದರು.

ಪದವಿಯ ಪ್ರಮಾಣಪತ್ರ ಬರಲು ಎಷ್ಟೋ ತಿಂಗಳು ಹಿಡಿಯಿತು. ಆಫೀಸಿನವರು ಫೋನ್ ಮಾಡಿದ ದಿನವೇ ಹೋಗಿ, ಸಹಿ ಮಾಡಿ ತೆಗೆದುಕೊಂಡೆ. ದಪ್ಪ ಕಾಗದ, ನನ್ನ ಹೆಸರು, ಕೆಳಗೆ ದೊಡ್ಡ ಮುದ್ರೆ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಮಡಚಬಾರದು ಅಂತ ಪಕ್ಕದವರಿಗೆಲ್ಲ ಸರಿದು ಕೂಡಲು ಹೇಳಿದೆ. ಸರಿದರು! ಏನಿದು ಅಂತ ಕೇಳಿದವರಿಗೆಲ್ಲ ತೋರಿಸಿದೆ, ಕೇಳದವರಿಗೂ ತೋರಿಸಿದೆ.

ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಕಟ್ಟೆಯ ಹತ್ತಿರ ಒಬ್ಬ ರೈತ ನಿಂತಿದ್ದ. ಯಾರದೋ ಕಾಲಲ್ಲಿ ನಮ್ಮ ಜೋಡು ನೋಡಿ ದುಮ್ಮವಾಡದಿಂದ ಬಂದವನು. ಹೊಸ ಕಾಲು, ಗೊಂಚಲಿನಲ್ಲಿ ಪಟ್ಟಿ ಇಲ್ಲದ್ದು. ಅತ್ತೆ ಆಡಿನ ತೊಗಲಿನ ಹೊಸ ಪಟ್ಟಿ ಕತ್ತರಿಸಿ ಕೈಯಲ್ಲಿ ಹಿಡಿದಿದ್ದಳು. ನಾನು ಪ್ರಮಾಣಪತ್ರವನ್ನು ಮುಂದೆ ಚಾಚಿದೆ. ಅವಳು ಪಟ್ಟಿಯನ್ನು ತೊಡೆಯ ಮೇಲೆ ಇಟ್ಟು, ಎರಡೂ ಕೈಗಳನ್ನು ಸೆರಗಿಗೆ ಒರೆಸಿ ಒರೆಸಿ, ಅಂಚು ಮಾತ್ರ ಹಿಡಿದು ತೆಗೆದುಕೊಂಡಳು.

"ನಿನ್ನ ಹೆಸರು ಎಲ್ಲೈತಿ?"

ಬೆರಳಿಟ್ಟು ತೋರಿಸಿದೆ. ಅವಳು ಅದರ ಮೇಲೆ ಹೆಬ್ಬೆರಳು ತಂದು, ತಾಗಿಸದೆ ತಡೆದಳು.

"ಎಣ್ಣಿ ಕೈ. ಸಾಯ್ತಾವು ಅಕ್ಷರ," ಅಂದಳು. ಆಮೇಲೆ ಕಾಗದವನ್ನು ತನ್ನ ಹತ್ತಿರವೇ ಇಟ್ಟುಕೊಂಡು, ತೊಡೆಯ ಮೇಲಿನ ಹೊಸ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ನಾ ಹಿಡಕೊಂಡು ಕುಂದರತೀನಿ. ಹೋಗು, ಅವರ ಅಳತಿ ನೀ ತಗೋ. ಹೊತ್ತು ಬರಾಬರಿ ಐತಿ."